ಅದು ಯಾರ ಮನೆಯ ಟಿಯಾರಾ? ರಾಜಮನೆತನದ ಮದುಮಗಳ ತಲೆಗೆ ಒಡವೆ ಏರುವ ಬಗೆ

1947ರ ನವೆಂಬರ್ 20ರ ಬೆಳಿಗ್ಗೆ. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ 21 ವರ್ಷದ ರಾಜಕುಮಾರಿ ಎಲಿಜಬೆತ್ (ಮುಂದೆ ರಾಣಿ ಎರಡನೇ ಎಲಿಜಬೆತ್) ಮದುವೆಗೆ ಸಿದ್ಧರಾಗುತ್ತಿದ್ದರು. ತಲೆಗೆ ಟಿಯಾರಾ ಅನ್ನುವ ವಜ್ರದ ಒಡವೆ ಇಡುತ್ತಿದ್ದಂತೆ ಅದರ ಚೌಕಟ್ಟು ಪಟ್ಟಂತ ಮುರಿಯಿತು. ಚರ್ಚಿಗೆ ಹೊರಡಲು ಉಳಿದಿದ್ದದ್ದು ಸ್ವಲ್ಪವೇ ಹೊತ್ತು. ಮಗಳ ಮುಖ ನೋಡಿ ತಾಯಿ ಧೈರ್ಯ ಹೇಳಿದರು: ಇನ್ನೂ ಎರಡು ಗಂಟೆ ಸಮಯ ಇದೆ, ಬೇರೆ ಟಿಯಾರಾಗಳೂ ಇವೆ.

ಹೀಗೇನಾದರೂ ಆದರೆ ಇರಲಿ ಅಂತ ಗ್ಯಾರಾರ್ಡ್ ಒಡವೆ ಅಂಗಡಿಯವರು ಒಬ್ಬರನ್ನು ಅರಮನೆಯಲ್ಲೇ ಕಾಯಲು ಬಿಟ್ಟಿದ್ದರು. ಆತ ಮುರಿದ ಟಿಯಾರಾ ಹಿಡಿದು, ಪೊಲೀಸ್ ಕಾವಲಿನಲ್ಲಿ ಕಾರ್ಖಾನೆಗೆ ಓಡಿದ. ಅಲ್ಲಿ ಬೆಸುಗೆ ಹಾಕಿಸಿ, ಹೊತ್ತಿಗೆ ಸರಿಯಾಗಿ ತಂದುಕೊಟ್ಟ. ಆ ದಿನದ ಕಪ್ಪು ಬಿಳುಪು ಫೋಟೊ ಸಿಕ್ಕರೆ ದೊಡ್ಡದು ಮಾಡಿ ನೋಡಿ. ನಟ್ಟನಡುವಿನ ವಜ್ರದ ಕಡ್ಡಿಗೂ ಅದರ ಪಕ್ಕದ ಕಡ್ಡಿಗೂ ಮಧ್ಯೆ ಒಂದು ಸಂದು ಕಾಣುತ್ತದೆ. ಉಳಿದ ಕಡ್ಡಿಗಳೆಲ್ಲ ಬಾಚಣಿಗೆಯ ಹಲ್ಲಿನಂತೆ ಒತ್ತಾಗಿವೆ. ಅದೊಂದು ಜಾಗ ಮಾತ್ರ ಬಿಟ್ಟುಕೊಂಡಿದೆ.

ನನಗೆ ಆ ಸಂದು ನೋಡಿದಾಗಲೆಲ್ಲ ಒಂದೇ ಪ್ರಶ್ನೆ ಏಳುತ್ತದೆ. ಬೇರೆ ಟಿಯಾರಾಗಳು ಇದ್ದವು ಅಂತ ತಾಯಿಯೇ ಹೇಳಿದರಲ್ಲ, ಇನ್ನೊಂದನ್ನು ತೆಗೆದು ಇಟ್ಟುಕೊಳ್ಳಬಹುದಿತ್ತು ಅಲ್ವಾ? ಯಾಕೆ ಇಟ್ಟುಕೊಳ್ಳಲಿಲ್ಲ?

ಉತ್ತರ ಆ ಒಡವೆಯ ಹುಟ್ಟಿನಲ್ಲಿದೆ. 1893ರಲ್ಲಿ ರಾಣಿ ವಿಕ್ಟೋರಿಯಾ ತಮ್ಮ ಮೊಮ್ಮಗನ ಹೆಂಡತಿ ಮೇರಿಗೆ ಮದುವೆ ಉಡುಗೊರೆಯಾಗಿ ಒಂದು ವಜ್ರದ ಒಡವೆ ಕೊಟ್ಟರು. ಮೇರಿ ರಾಣಿಯಾದ ಮೇಲೆ, 1919ರಲ್ಲಿ, ಅದನ್ನು ಬಿಚ್ಚಿಸಿ ಗ್ಯಾರಾರ್ಡ್‌ನಲ್ಲಿ ಹೊಸ ಟಿಯಾರಾ ಮಾಡಿಸಿದರು. 47 ವಜ್ರದ ಕಡ್ಡಿಗಳು, ಅವುಗಳ ನಡುನಡುವೆ ಸಣ್ಣ ಸಲಾಕೆಗಳು. 1936ರಲ್ಲಿ ಅದನ್ನು ಸೊಸೆಗೆ ಕೊಟ್ಟರು. ಆ ಸೊಸೆಯೇ ಎಲಿಜಬೆತ್ ಅವರ ತಾಯಿ. ಅಂದರೆ ಆ ಬೆಳಿಗ್ಗೆ ಮುರಿದದ್ದು ಮುತ್ತಜ್ಜನ ತಾಯಿಯ ವಜ್ರ, ಅಜ್ಜಿ ಮಾಡಿಸಿದ ಒಡವೆ, ಅಮ್ಮ ಎರವಲು ಕೊಟ್ಟದ್ದು. ಅದರ ಬದಲಿಗೆ ಇನ್ನೊಂದು ಇಟ್ಟುಕೊಂಡರೆ ಹೊಳಪು ಅಷ್ಟೇ ಇರುತ್ತಿತ್ತು, ಹಿಂದಿನ ಮಾತು ಬದಲಾಗುತ್ತಿತ್ತು.

ರಾಜಮನೆತನದ ಮದುವೆ ಟಿವಿಯಲ್ಲಿ ಬಂದಾಗ ನಾವು 'ಎಷ್ಟು ಚೆನ್ನಾಗಿದೆ', 'ಎಷ್ಟು ಬೆಲೆ ಇರಬಹುದು' ಅಂತ ಮಾತಾಡುತ್ತೇವೆ. ಆ ಮನೆಗಳ ಒಳಗೆ ಮೊದಲು ಏಳುವ ಪ್ರಶ್ನೆಯೇ ಬೇರೆ. ಅದು ಯಾರದು? ಅದನ್ನು ಇಟ್ಟುಕೊಳ್ಳುವ ಹಕ್ಕು ಈ ಹುಡುಗಿಗೆ ಹೇಗೆ ಬಂತು? ಉಡುಪು, ಮುಸುಕು, ಕೂದಲು ಎಲ್ಲ ಆಮೇಲೆ ಬರುತ್ತವೆ.

ಟಿಯಾರಾಕ್ಕೆ ಕನ್ನಡದಲ್ಲಿ ಕಿರೀಟ ಅಂದುಬಿಡುತ್ತೇವೆ. ಆದರೆ ಎರಡೂ ಒಂದೇ ಅಲ್ಲ. ಕಿರೀಟ ತಲೆಯ ಸುತ್ತ ಪೂರ್ತಿ ಬರುತ್ತದೆ, ಅದು ಅಧಿಕಾರದ ಗುರುತು. ಪಟ್ಟಾಭಿಷೇಕದಲ್ಲಿ ರಾಜ ರಾಣಿಗೆ ತೊಡಿಸುವುದು ಅದನ್ನೇ. ಟಿಯಾರಾ ಸಾಮಾನ್ಯವಾಗಿ ಅರ್ಧಚಂದ್ರದ ಹಾಗೆ ಮುಂದೆ ಮಾತ್ರ ಇರುತ್ತದೆ, ಹಿಂದೆ ತೆರೆದಿರುತ್ತದೆ. ಅದು ಒಡವೆ. ರಾಜಮನೆತನದವರೇ ಆಗಬೇಕಂತಿಲ್ಲ, ಯುರೋಪಿನ ದೊಡ್ಡ ಮನೆತನಗಳಲ್ಲೂ ಇರುತ್ತದೆ. ಬ್ರಿಟನ್ನಿನ ಹಳೇ ಪದ್ಧತಿಯಲ್ಲಿ ಮದುವೆಯಾದ ಹೆಂಗಸರು ಟಿಯಾರಾ ಇಡುತ್ತಿದ್ದರು. ಹುಡುಗಿ ಅದನ್ನು ಮೊದಲ ಸಲ ಇಡುವ ದಿನ ಅಂದರೆ ಮದುವೆಯ ದಿನ. ನಮ್ಮಲ್ಲಿ ಬಾಸಿಂಗ ಕಟ್ಟಿದ ತಕ್ಷಣ ಹುಡುಗಿ ಮದುಮಗಳಾಗಿ ಕಾಣುವಂತೆ, ಅಲ್ಲಿ ಟಿಯಾರಾ ಆ ಕೆಲಸ ಮಾಡುತ್ತದೆ.

ವಜ್ರವೇ ಬೇಕು ಅನ್ನುವ ನಿಯಮ ಯಾವತ್ತೂ ಇರಲಿಲ್ಲ. 1840ರಲ್ಲಿ ರಾಣಿ ವಿಕ್ಟೋರಿಯಾ ಮದುವೆಯಾದಾಗ ತಲೆಗೆ ಮುಡಿದದ್ದು ಕಿತ್ತಳೆ ಹೂವಿನ ದಂಡೆ. ದೇಶದ ರಾಣಿ, ಬೇಕಾದ ಒಡವೆ ಕೈಗೆ ಸಿಗುತ್ತಿತ್ತು, ಆದರೂ ಹೂವೇ ಸಾಕು ಅಂದರು.

ಈ ಹೂವಿನ ದಂಡೆಯನ್ನೂ ವಜ್ರದ ಟಿಯಾರಾವನ್ನೂ ಒಂದೇ ದಿನ ತುಂಬಾ ಚೆಂದವಾಗಿ ಬಳಸಿಕೊಂಡವರು ಸಾರಾ ಫರ್ಗ್ಯುಸನ್. 1986ರ ಜುಲೈ 23ರಂದು ಅವರು ಎಲಿಜಬೆತ್ ಅವರ ಮಗ ರಾಜಕುಮಾರ ಆಂಡ್ರ್ಯೂ ಅವರನ್ನು ಮದುವೆಯಾದರು. ವೆಸ್ಟ್‌ಮಿನ್‌ಸ್ಟರ್ ಅಬಿಯೊಳಗೆ ನಡೆದು ಬಂದಾಗ ತಲೆಯ ಮೇಲೆ ಕಂಡದ್ದು ಹೂವು. ಶಾಸ್ತ್ರ ಮುಗಿಯಿತು, ದಾಖಲೆ ಪುಸ್ತಕಕ್ಕೆ ಸಹಿ ಹಾಕಲು ಒಳಗೆ ಹೋದರು. ತಿರುಗಿ ಹೊರಗೆ ಬಂದಾಗ ಹೂವು ಇರಲಿಲ್ಲ. ಅದರಡಿ ಅಡಗಿದ್ದ ವಜ್ರದ ಟಿಯಾರಾ ಬೆಳಗುತ್ತಿತ್ತು. ಒಳಗೆ ಹೋದದ್ದು ಸಾಮಾನ್ಯ ಮನೆಯ ಹುಡುಗಿ, ಹೊರಗೆ ಬಂದದ್ದು ರಾಜಮನೆತನದ ಸೊಸೆ. ಇಷ್ಟು ಸರಳವಾಗಿ ಇದನ್ನು ತೋರಿಸಿದ ಇನ್ನೊಂದು ಮದುವೆ ನನಗೆ ಗೊತ್ತಿಲ್ಲ.

ಹಾಗಾದರೆ ಟಿಯಾರಾ ಎಲ್ಲಿಂದ ಬರುತ್ತದೆ? ತವರಿನಿಂದ ಬರಬಹುದು, ಅತ್ತೆಮನೆಯಿಂದ ಬರಬಹುದು. ಎರಡಕ್ಕೂ ಅರ್ಥ ಬೇರೆ.

1981ರ ಜುಲೈ 29ರಂದು ಡಯಾನಾ ಎಲಿಜಬೆತ್ ಅವರ ಹಿರಿಯ ಮಗ ಚಾರ್ಲ್ಸ್ ಅವರನ್ನು ಮದುವೆಯಾದಾಗ ಅತ್ತೆ ಕೊಟ್ಟ ಟಿಯಾರಾ ಇತ್ತು. ಕಮಾನುಗಳ ಕೆಳಗೆ ಮುತ್ತುಗಳು ತೂಗಾಡುವಂಥದ್ದು. ಅದನ್ನು ಅವರು ಆಮೇಲೆ ಎಷ್ಟೋ ಸಲ ಇಟ್ಟುಕೊಂಡರು. ಮದುವೆಗೆ ಮಾತ್ರ ತವರಿನ ಸ್ಪೆನ್ಸರ್ ಟಿಯಾರಾವನ್ನೇ ಇಟ್ಟರು. ಅದರ ನಡುವಿನ ಭಾಗ 1919ರಲ್ಲಿ ಅವರ ಅಜ್ಜಿಗೆ ಮದುವೆ ಉಡುಗೊರೆಯಾಗಿ ಬಂದದ್ದು. ಉಳಿದ ಭಾಗಗಳನ್ನು ಆಮೇಲೆ ಜೋಡಿಸಿದ್ದು. ಡಯಾನಾಗಿಂತ ಮೊದಲೇ ಇಬ್ಬರು ಅಕ್ಕಂದಿರೂ ತಮ್ಮ ಮದುವೆಯಲ್ಲಿ ಅದನ್ನೇ ಇಟ್ಟಿದ್ದರು. ತವರಿನ ಒಡವೆಯಲ್ಲಿ ಹೊರಟು ಅತ್ತೆಮನೆಯ ಒಡವೆಗೆ ಸೇರುವುದು, ಇದು ಅಲ್ಲಿನ ಹಳೇ ಮನೆತನಗಳ ರೂಢಿ. ನಮ್ಮ ಕಡೆ ತವರಿನ ಸೀರೆ ಉಟ್ಟು ಬಂದು ಧಾರೆಗೆ ಅತ್ತೆಮನೆಯ ಸೀರೆ ಉಡುವುದು ಎಷ್ಟೋ ಮನೆಗಳಲ್ಲಿ ಇದೆಯಲ್ಲ, ಹಾಗೆ.

ತವರಿನಲ್ಲಿ ಟಿಯಾರಾ ಇಲ್ಲದಿದ್ದರೆ? ಡಯಾನಾ ಅವರ ಮಕ್ಕಳಾದ ವಿಲಿಯಂ, ಹ್ಯಾರಿ ಅವರನ್ನು ಮದುವೆಯಾದ ಕೇಟ್ ಮಿಡಲ್ಟನ್ ಮತ್ತು ಮೇಗನ್ ಮಾರ್ಕಲ್ ಇಬ್ಬರದೂ ಇದೇ ಪರಿಸ್ಥಿತಿ. ಆಗ ಅತ್ತೆಮನೆಯ ಹಿರಿಯರು ಎರವಲು ಕೊಡುತ್ತಾರೆ. ಬ್ರಿಟನ್ನಿನಲ್ಲಿ 2022ರವರೆಗೆ ಆ ಹಿರಿಯರು ರಾಣಿ ಎರಡನೇ ಎಲಿಜಬೆತ್ ಆಗಿದ್ದರು. ಮದುಮಗಳು ಇಡೀ ಖಜಾನೆ ತೆರೆಸಿ ಹುಡುಕುವುದಿಲ್ಲ. ಮೇಗನ್ ತಾವೇ ಹೇಳಿಕೊಂಡ ಹಾಗೆ, ಅವರೂ ಹ್ಯಾರಿಯೂ ಬಕಿಂಗ್‌ಹ್ಯಾಮ್ ಅರಮನೆಗೆ ಹೋಗಿ, ರಾಣಿಯ ಎದುರಿನಲ್ಲೇ, ಅಲ್ಲಿಟ್ಟಿದ್ದ ಕೆಲವು ಟಿಯಾರಾಗಳಲ್ಲಿ ಒಂದನ್ನು ಆರಿಸಿದರು. ಆಯ್ಕೆ ಮದುಮಗಳದ್ದು ನಿಜ. ಆದರೆ ಯಾವುದರಲ್ಲಿ ಆರಿಸಬೇಕು ಅನ್ನುವುದು ಮೊದಲೇ ಹಿರಿಯರ ಕೈಯಲ್ಲಿ ತೀರ್ಮಾನ ಆಗಿರುತ್ತದೆ.

ಸ್ಪೇನ್‌ನಲ್ಲಿ ಇದೇ ಕೊಡುಕೊಳ್ಳುವಿಕೆ ಇನ್ನೂ ಹತ್ತಿರದ್ದು. 2004ರಲ್ಲಿ ಯುವರಾಜನನ್ನು ಮದುವೆಯಾದಾಗ ಲೆಟಿಸಿಯಾ ಇಟ್ಟುಕೊಂಡದ್ದು ಅತ್ತೆ ಸೋಫಿಯಾ 1962ರಲ್ಲಿ ಅಥೆನ್ಸ್‌ನಲ್ಲಿ ತಮ್ಮ ಮದುವೆಗೆ ಇಟ್ಟಿದ್ದ ಟಿಯಾರಾವನ್ನೇ. ಲೆಟಿಸಿಯಾ ಟಿವಿ ಪತ್ರಕರ್ತೆಯಾಗಿದ್ದವರು. ಅರಮನೆಯ ಹಿನ್ನೆಲೆ ಇಲ್ಲದ ಹುಡುಗಿಗೆ ಅತ್ತೆ ತಾನು ಮದುವೆಯಾದ ಟಿಯಾರಾವನ್ನೇ ಕೊಡುವುದು ಅಂದರೆ, ಬಾಯಿಬಿಟ್ಟು ಏನೂ ಹೇಳಬೇಕಿಲ್ಲ.

ಇನ್ನು ಯಾರ ಕೈಗೂ ಕಾಯದೆ ತಾವೇ ಹೊಂದಿಸಿಕೊಂಡವರೂ ಇದ್ದಾರೆ. ಎಲಿಜಬೆತ್ ಅವರ ತಂಗಿ ಮಾರ್ಗರೆಟ್‌ಗಾಗಿ 1959ರಲ್ಲಿ ಹರಾಜಿನಲ್ಲಿ 5,500 ಪೌಂಡಿಗೆ ಪೋಲ್ಟಿಮೋರ್ ಟಿಯಾರಾ ಕೊಂಡಿದ್ದರು. ಅದು ಎತ್ತರದ್ದು. ಬಿಚ್ಚಿದರೆ ಕೊರಳ ಹಾರ ಮತ್ತು 11 ಬ್ರೋಚ್ (ಉಡುಪಿಗೆ ಸಿಕ್ಕಿಸುವ ಒಡವೆ) ಆಗುವಂಥದ್ದು. ಮಾರ್ಗರೆಟ್ ಗಿಡ್ಡ. 1960ರ ಮದುವೆಗೆ ಅವರು ಕಸೂತಿ, ಮಣಿ ಏನೂ ಇಲ್ಲದ ಸಾದಾ ಬಿಳಿ ಉಡುಪು ಹೊಲಿಸಿದರು. ತುರುಬನ್ನು ಮೇಲೆತ್ತಿ ಕಟ್ಟಿಸಿ ಸುತ್ತ ಈ ಟಿಯಾರಾ ಇರಿಸಿದರು. ಉಡುಪು ಸುಮ್ಮನಿತ್ತು, ತಲೆ ಮಾತಾಡಿತು. ಎತ್ತರವೂ ಬಂತು. ಒಡವೆ ಜೋಡಿಸುವ ಲೆಕ್ಕ ಕಲಿಯಬೇಕಂದರೆ ಈ ಒಂದು ಫೋಟೊ ಸಾಕು. ಅವರು ತೀರಿಕೊಂಡ ನಂತರ, 2006ರಲ್ಲಿ, ಆ ಟಿಯಾರಾ 9 ಲಕ್ಷ ಪೌಂಡಿಗಿಂತ ಜಾಸ್ತಿಗೆ ಹರಾಜಾಯಿತು.

ಯಾರದು ಅನ್ನುವುದು ತೀರ್ಮಾನ ಆದಮೇಲೆ ಉಡುಪಿನ ಲೆಕ್ಕ. ಇಲ್ಲಿ ಮುಖ್ಯವಾದ ಮಾತು ಮುಸುಕಿನದು. ಮುಸುಕು ಇದ್ದರೆ ಟಿಯಾರಾ ಬರೀ ಒಡವೆ ಆಗಿರುವುದಿಲ್ಲ, ಬಟ್ಟೆ ಜಾರದಂತೆ ಹಿಡಿಯುವ ಪಟ್ಟಿಯೂ ಆಗುತ್ತದೆ. ಮುಸುಕು ಉದ್ದವಾದಷ್ಟೂ ಹಿಂದಕ್ಕೆ ಎಳೆತ ಜಾಸ್ತಿ.

ಮೇಗನ್ ಅವರ ಮುಸುಕು 5 ಮೀಟರ್ ಉದ್ದ. ಅದರ ಅಂಚಿನಲ್ಲಿ ಕಾಮನ್‌ವೆಲ್ತ್‌ನ 53 ದೇಶಗಳ ಹೂಗಿಡಗಳನ್ನು ಕೈಯಲ್ಲಿ ಕಸೂತಿ ಮಾಡಿದ್ದರು. ನಮ್ಮ ದೇಶದ ಕಮಲವೂ ಅದರಲ್ಲಿತ್ತು. ಬಟ್ಟೆ, ದಾರ ಕೊಳೆಯಾಗಬಾರದು ಅಂತ ಕಸೂತಿ ಮಾಡುವವರು ಅರ್ಧ ಗಂಟೆಗೊಮ್ಮೆ ಕೈ ತೊಳೆದುಕೊಳ್ಳುತ್ತಿದ್ದರು. ಮುಸುಕಿಗೆ ಇಷ್ಟು ಕೆಲಸ ಹಾಕಿ ತಲೆಯ ಮೇಲೂ ಎತ್ತರದ ಟಿಯಾರಾ ಇಟ್ಟಿದ್ದರೆ ಕಣ್ಣಿಗೆ ಎಲ್ಲಿ ನಿಲ್ಲಬೇಕೋ ಗೊತ್ತಾಗುತ್ತಿರಲಿಲ್ಲ. ಅವರು ಆರಿಸಿದ್ದು ತಲೆಗೆ ಅಂಟಿಕೊಂಡಂತೆ ಕೂರುವ ಪಟ್ಟಿ. 1932ರಲ್ಲಿ ಮೇರಿ ರಾಣಿಗಾಗಿ ಮಾಡಿದ್ದು. 11 ತುಂಡುಗಳು ಸೇರಿ ಬಾಗುವಂತೆ ಇದೆ. ನಡುವಿನ ಬ್ರೋಚ್ ಅದಕ್ಕಿಂತ ಹಳೆಯದು, 1893ರಲ್ಲಿ ಮೇರಿಗೆ ಲಿಂಕನ್ ಜಿಲ್ಲೆಯವರು ಕೊಟ್ಟ ಮದುವೆ ಉಡುಗೊರೆ. ಗೆರೆ ನೇರ, ಉಡುಪೂ ಸಾದಾ, ಎರಡೂ ಒಂದೇ ರಾಗದಲ್ಲಿವೆ.

ಮೇಗನ್ ಮದುವೆಯಾದ ವರ್ಷವೇ, 2018ರ ಅಕ್ಟೋಬರ್ 12ರಂದು, ಅವರು ಮದುವೆಯಾದ ವಿಂಡ್ಸರ್ ಚಾಪೆಲ್‌ನಲ್ಲೇ ರಾಜಕುಮಾರಿ ಯೂಜನಿ ಮದುವೆ. ಯೂಜನಿ ಅಂದರೆ ಸಾರಾ ಮತ್ತು ಆಂಡ್ರ್ಯೂ ಅವರ ಮಗಳು, ರಾಣಿಯ ಮೊಮ್ಮಗಳು. ನನಗೆ ಎಲ್ಲಕ್ಕಿಂತ ಇಷ್ಟವಾದ ಟಿಯಾರಾ ಆಯ್ಕೆ ಇದು. ಯೂಜನಿ ಅವರಿಗೆ ಚಿಕ್ಕಂದಿನಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗುವ ತೊಂದರೆ ಇತ್ತು. 12ನೇ ವಯಸ್ಸಿನಲ್ಲಿ ದೊಡ್ಡ ಆಪರೇಷನ್ ಆಯಿತು. ಬೆನ್ನ ಮೇಲೆ ಉದ್ದದ ಕಲೆ ಉಳಿಯಿತು. ಮದುವೆಯ ದಿನ ಆ ಕಲೆ ಎಲ್ಲರಿಗೂ ಕಾಣಲಿ ಅಂತ ಅವರು ಬಯಸಿದರು. ತಮ್ಮನ್ನು ನೋಡಿಕೊಂಡ ಡಾಕ್ಟರು, ನರ್ಸುಗಳಿಗೆ ಗೌರವ, ಅದೇ ತೊಂದರೆ ಇರುವ ಮಕ್ಕಳಿಗೆ ಧೈರ್ಯ. ಹಾಗಾಗಿ ಉಡುಪಿನ ಬೆನ್ನು ಇಳಿಬಿಟ್ಟು ಹೊಲಿಸಿದರು. ಬೆನ್ನು ಕಾಣಬೇಕಾದರೆ ಮುಸುಕು ಇರಬಾರದು. ಮುಸುಕು ಬಿಟ್ಟರು. ಕೂದಲು ಇಳಿಯಬಾರದು. ತುರುಬು ಕಟ್ಟಿಸಿದರು. ಈಗ ಮುಸುಕಿಲ್ಲದ ತಲೆ ಬರಿದಾಗಿ ಕಾಣುತ್ತದೆ. ಅದನ್ನು ತುಂಬುವಂಥ ಟಿಯಾರಾ ಬೇಕು.

ಅಜ್ಜಿಯ ಪೆಟ್ಟಿಗೆಯಿಂದ ಬಂದದ್ದು ಗ್ರೆವಿಲ್ ಪಚ್ಚೆಯ ಟಿಯಾರಾ. 1919ರಲ್ಲಿ ಪ್ಯಾರಿಸ್ಸಿನ ಬೂಷೆರೋನ್ ಒಡವೆ ಅಂಗಡಿಯವರು ಮಾಡಿದ್ದು. ರಷ್ಯಾದ ಹೆಂಗಸರ ತಲೆಯುಡುಗೆಯಂತೆ ಪ್ರಭಾವಳಿಯ ಆಕಾರ. ನಡುವಿನ ಪಚ್ಚೆ 93.70 ಕ್ಯಾರೆಟ್. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ. ಅಂದರೆ ಆ ಒಂದು ಕಲ್ಲೇ 18 ಗ್ರಾಂ ದಾಟುತ್ತದೆ, ನಮ್ಮ ಲೆಕ್ಕದಲ್ಲಿ ಒಂದೂವರೆ ತೊಲಕ್ಕಿಂತ ಜಾಸ್ತಿ. 1942ರಲ್ಲಿ ಗ್ರೆವಿಲ್ ಎಂಬ ಶ್ರೀಮಂತ ಮಹಿಳೆ ತೀರಿಕೊಂಡಾಗ ತಮ್ಮ ಒಡವೆಗಳನ್ನು ಆಗಿನ ರಾಣಿಗೆ ಬರೆದಿಟ್ಟಿದ್ದರು. ಅಲ್ಲಿಂದ 76 ವರ್ಷ ಈ ಟಿಯಾರಾ ರಾಜಮನೆತನದ ಯಾರ ತಲೆಯ ಮೇಲೂ ಜನರ ಎದುರಿಗೆ ಬಂದಿರಲಿಲ್ಲ. ಬೆನ್ನ ಮೇಲಿನ ಒಂದು ಕಲೆಯಿಂದ ಶುರುವಾದ ತೀರ್ಮಾನ ಪೆಟ್ಟಿಗೆಯಲ್ಲಿ ಮಲಗಿದ್ದ ಪಚ್ಚೆಯನ್ನು ಎಬ್ಬಿಸಿತು.

ಕೇಟ್ ಅವರ ಆಯ್ಕೆ ಚಿಕ್ಕದಾಯಿತು ಅಂತ 2011ರಲ್ಲಿ ಕೆಲವರು ಅಂದರು. ನಾನು ಒಪ್ಪುವುದಿಲ್ಲ. ಅದು 1936ರಲ್ಲಿ ಕಾರ್ಟಿಯೆ ಒಡವೆ ಅಂಗಡಿಯವರು ಮಾಡಿದ ಟಿಯಾರಾ. ಸಾಲಾಗಿ ನಿಂತ ಸುರುಳಿಗಳಲ್ಲಿ 739 ದುಂಡು ವಜ್ರ, 149 ಕಡ್ಡಿಯಾಕಾರದ ವಜ್ರ ಇವೆ. ಎಲಿಜಬೆತ್ ಅವರಿಗೆ 18 ತುಂಬಿದಾಗ ತಾಯಿ ಕೊಟ್ಟದ್ದು. ಕೇಟ್ ಅವತ್ತು ಕೂದಲನ್ನು ಅರ್ಧ ಬಿಟ್ಟುಕೊಂಡಿದ್ದರು, ಉಡುಪಿನ ತೋಳು ಕತ್ತು ಎಲ್ಲ ಲೇಸ್. ಬಿಟ್ಟ ಕೂದಲಿನ ಮೇಲೆ ಎತ್ತರದ, ತೂಕದ ಟಿಯಾರಾ ನಿಲ್ಲುವುದು ಕಷ್ಟ. ನಿಂತರೂ ಕೂದಲಿನ ಆ ಸಹಜತೆ ಹೋಗುತ್ತಿತ್ತು.

ಈ ನಿಲ್ಲುವುದು ಅನ್ನುವ ಮಾತು ಸಣ್ಣದಲ್ಲ. ಮದುಮಗಳು ಗಾಡಿ ಹತ್ತಬೇಕು, ಇಳಿಯಬೇಕು, ಮಂಡಿಯೂರಬೇಕು, ತಲೆ ಬಾಗಿಸಬೇಕು, ಗಾಳಿಯಲ್ಲಿ ಕೈ ಬೀಸಬೇಕು. ಟಿಯಾರಾ ಅಲುಗಬಾರದು. ಅದರ ತಳದಲ್ಲಿ ಸಣ್ಣ ಸಣ್ಣ ಕುಣಿಕೆಗಳಿರುತ್ತವೆ. ಮದುಮಗಳ ಕೂದಲಿನ ಬಣ್ಣದ್ದೇ ಮಖಮಲ್ ಪಟ್ಟಿಯನ್ನು ತಳಕ್ಕೆ ಸುತ್ತುತ್ತಾರೆ. ಲೋಹ ನೆತ್ತಿಗೆ ಒತ್ತುವುದಿಲ್ಲ, ಹೇರ್‌ಪಿನ್‌ಗೆ ಹಿಡಿತವೂ ಸಿಗುತ್ತದೆ. ಕೇಟ್ ಅವರ ಕೇಶ ವಿನ್ಯಾಸಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನೆತ್ತಿಯ ಕೂದಲನ್ನು ಸಿಕ್ಕಾಗಿ ಬಾಚಿ ಮೆತ್ತೆಯ ಹಾಗೆ ಮಾಡಿದರು. ಅದರ ನಡುವೆ ಪುಟ್ಟ ಜಡೆ ಹೆಣೆದರು. ಟಿಯಾರಾವನ್ನು ಆ ಜಡೆಗೆ ಸಿಕ್ಕಿಸಿ ಸೂಜಿದಾರದಿಂದ ಹೊಲಿದರು. ಮೊಗ್ಗಿನ ಜಡೆ ಹೊಲಿಸಿಕೊಂಡು ಗಂಟೆಗಟ್ಟಲೆ ಕೂತ ನಮ್ಮ ಹೆಣ್ಣುಮಕ್ಕಳಿಗೆ ಇದು ಕೂಡಲೇ ಅರ್ಥವಾಗುತ್ತದೆ. ಅಸಲಿ ಟಿಯಾರಾ ದಿನವೂ ಕೈಗೆ ಸಿಗುವುದಿಲ್ಲವಲ್ಲ, ಅದಕ್ಕೆ ಅವರು ಅಭ್ಯಾಸ ಮಾಡಿದ್ದು ಅಂಗಡಿಯಲ್ಲಿ ಸಿಗುವ ಅಗ್ಗದ ಟಿಯಾರಾದ ಮೇಲೆ.

1947ರ ಟಿಯಾರಾ ಮುರಿದದ್ದೂ ಈ ಜಾಗದಲ್ಲೇ. ಕಡ್ಡಿಗಳ ಸಾಲನ್ನು ಚೌಕಟ್ಟಿನಿಂದ ಬಿಡಿಸಿದರೆ ಕೊರಳ ಹಾರ ಆಗುವಂತೆ ಅದನ್ನು ಮಾಡಿದ್ದರು. ಅಂಥ ಒಡವೆಯಲ್ಲಿ ಭಾರವನ್ನೆಲ್ಲ ಹೊರುವುದು ಕೆಳಗಿನ ಆ ಚೌಕಟ್ಟು. ತಲೆಗೆ ಕೂರಿಸುವಾಗ ಅದೇ ಕೈಕೊಟ್ಟಿತು. ಅವತ್ತು ಇನ್ನೊಂದು ಗಾಬರಿಯೂ ಇತ್ತು. ಕೊರಳಿಗೆ ಹಾಕಬೇಕಿದ್ದ ಎರಡು ಮುತ್ತಿನ ಸರಗಳು ಸೇಂಟ್ ಜೇಮ್ಸ್ ಅರಮನೆಯಲ್ಲಿ, ಪ್ರದರ್ಶನಕ್ಕಿಟ್ಟ ಉಡುಗೊರೆಗಳ ನಡುವೆ ಉಳಿದುಬಿಟ್ಟಿದ್ದವು. ಆಪ್ತ ಕಾರ್ಯದರ್ಶಿ ಜಾನ್ ಕಾಲ್ವಿಲ್ ಜನಜಂಗುಳಿ ದಾಟಿ ಹೋಗಿ ತಂದರು.

ಆ ಮದುವೆಗೆ ಬಂದ ಉಡುಗೊರೆಗಳಲ್ಲಿ ಇನ್ನೊಂದು ಟಿಯಾರಾ ಇತ್ತು. ಕೊಟ್ಟವರು ಹೈದರಾಬಾದಿನ ನಿಜಾಮರು. ಮದುಮಗಳಿಗೆ ಇಷ್ಟವಾದದ್ದನ್ನು ಅವರೇ ಆರಿಸಿಕೊಳ್ಳಲಿ ಅಂತ ಕಾರ್ಟಿಯೆ ಅಂಗಡಿಗೆ ಹೇಳಿ ಕಳಿಸಿದ್ದರು. ಎಲಿಜಬೆತ್ ಒಂದು ಹಾರವನ್ನೂ ಗುಲಾಬಿ ಹೂಗಳ ಟಿಯಾರಾವನ್ನೂ ಆರಿಸಿದರು. ಆಗ ಬೀದರ್, ಕಲಬುರಗಿ, ರಾಯಚೂರು ನಿಜಾಮರ ರಾಜ್ಯದಲ್ಲೇ ಇದ್ದವು. ಆ ಟಿಯಾರಾ ಈಗ ಇಲ್ಲ. 1973ರಲ್ಲಿ ಅದನ್ನು ಬಿಚ್ಚಿಸಿ, ಆ ವಜ್ರಗಳ ಜೊತೆ ಬರ್ಮಾದವರು ಕೊಟ್ಟಿದ್ದ 96 ಕೆಂಪು ಹರಳುಗಳನ್ನು ಸೇರಿಸಿ ಹೊಸ ಟಿಯಾರಾ ಮಾಡಿಸಿದರು. ಗುಲಾಬಿ ಬ್ರೋಚುಗಳು ಮಾತ್ರ ಹಾಗೇ ಉಳಿದವು. ಹಾರವನ್ನು ಮುಂದೆ ಕೇಟ್ ಅವರೂ ಎರವಲು ತೊಟ್ಟಿದ್ದಾರೆ. ತಮಗೇ ಬಂದ ಉಡುಗೊರೆಯನ್ನು ಬಿಚ್ಚಿಸುವುದು ಸುಲಭ. ಅಜ್ಜಿಯ ಹೆಸರಿರುವ ಒಡವೆಗೆ ಹಾಗೆ ಕೈ ಹಾಕುವುದು ಕಷ್ಟ. 47 ಕಡ್ಡಿಗಳ ಆ ಟಿಯಾರಾ ಇವತ್ತಿಗೂ ಹಾಗೇ ಇದೆ. 1973ರಲ್ಲಿ ಮಗಳು ಆನ್, 2020ರಲ್ಲಿ ಮೊಮ್ಮಗಳು ಬಿಯಾಟ್ರಿಸ್ ಅದರಲ್ಲೇ ಮದುವೆಯಾದರು.

'ಯಾರದು' ಅನ್ನುವ ಪ್ರಶ್ನೆ ಎಷ್ಟು ಗಟ್ಟಿ ಅಂತ ನೋಡಬೇಕಾದರೆ ಡೆನ್ಮಾರ್ಕ್‌ಗೆ ಹೋಗಬೇಕು. 1905ರಲ್ಲಿ ಬ್ರಿಟನ್ನಿನ ಇನ್ನೊಬ್ಬ ರಾಜಕುಮಾರಿ ಮಾರ್ಗರೆಟ್ ಸ್ವೀಡನ್ನಿನ ಗುಸ್ತಾಫ್ ಅಡಾಲ್ಫ್ ಅವರನ್ನು ಮದುವೆಯಾದರು. ಇಬ್ಬರೂ ಭೇಟಿಯಾದದ್ದು ಕೈರೋದಲ್ಲಿ. ಅದಕ್ಕೇ ಈಜಿಪ್ಟಿನ ದೊರೆ ಖೆದೀವ ಅವರಿಗೆ ಕಾರ್ಟಿಯೆಯ ವಜ್ರದ ಟಿಯಾರಾ ಕಳಿಸಿದರು. 1920ರಲ್ಲಿ ಮಾರ್ಗರೆಟ್ ತೀರಿಕೊಂಡರು. ಆಗ ಮಗಳು ಇಂಗ್ರಿಡ್‌ಗೆ 10 ವರ್ಷ. ಅಮ್ಮನ ಟಿಯಾರಾ ಆ ಮಗುವಿಗೆ ಬಂತು. ಇಂಗ್ರಿಡ್ ಬೆಳೆದು ಡೆನ್ಮಾರ್ಕ್‌ನ ರಾಣಿಯಾದರು. ತಮ್ಮ ಮದುವೆಗೆ ಅದನ್ನು ಇಡಲಿಲ್ಲ. ಆದರೆ ಮೂವರು ಹೆಣ್ಣುಮಕ್ಕಳಿಗೂ ಇರಿಸಿದರು: 1964ರಲ್ಲಿ ಆನ್-ಮೇರಿ, 1967ರಲ್ಲಿ ಮಾರ್ಗ್ರೆಥೆ, 1968ರಲ್ಲಿ ಬೆನೆಡಿಕ್ಟೆ. ಆಮೇಲೆ ಮೊಮ್ಮಕ್ಕಳ ಸರದಿ. ತೀರಾ ಈಚೆಗೆ, 2024ರಲ್ಲಿ, ಆನ್-ಮೇರಿ ಅವರ ಮಗಳು ಥಿಯೋಡೋರಾ ಅಥೆನ್ಸ್‌ನಲ್ಲಿ ಅದನ್ನೇ ಇಟ್ಟು ಮದುವೆಯಾದರು.

ಇಂಗ್ರಿಡ್ ಅವರ ರಕ್ತದ ಹೆಣ್ಣುಮಕ್ಕಳಿಗೆ ಮಾತ್ರ ಆ ಟಿಯಾರಾ. ಸೊಸೆಯರಿಗೆ ಇಲ್ಲ. 2004ರಲ್ಲಿ ಆಸ್ಟ್ರೇಲಿಯಾದ ಮೇರಿ ಡೆನ್ಮಾರ್ಕ್‌ನ ಯುವರಾಜನನ್ನು ಮದುವೆಯಾದಾಗ, 1905ರಲ್ಲಿ ಮಾರ್ಗರೆಟ್ ಹೊದ್ದಿದ್ದ ಐರಿಷ್ ಲೇಸಿನ ಮುಸುಕನ್ನೇ ಅವರಿಗೆ ಹೊದಿಸಿದರು. ಮುಸುಕಿನ ಮೇಲೆ ಇಟ್ಟದ್ದು ಮಾತ್ರ ಅತ್ತೆ ಮಾವ ಉಡುಗೊರೆ ಕೊಟ್ಟ ಬೇರೆ ಟಿಯಾರಾ. ಅದೇ ಮೇರಿ ಈಗ ಆ ದೇಶದ ರಾಣಿ. ಆದರೂ ಖೆದೀವನ ಟಿಯಾರಾ ಅವರ ಪಾಲಿಗಿಲ್ಲ. ಅವರ ಇಬ್ಬರು ಹೆಣ್ಣುಮಕ್ಕಳು ಇಸಬೆಲ್ಲಾ ಮತ್ತು ಜೋಸೆಫಿನ್ ಇಂಗ್ರಿಡ್ ಅವರ ಮರಿಮಕ್ಕಳು. ಆ ಇಬ್ಬರಿಗೆ ಅದನ್ನು ಇಟ್ಟುಕೊಳ್ಳುವ ಹಕ್ಕು ಹುಟ್ಟಿನಿಂದಲೇ ಬಂದಿದೆ.